ಮೇಜುಗಳಿಲ್ಲದ ಹೋಟೆಲು

ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ನಾನೂ ನನ್ನ ಗಂಡನೂ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದೆವು. ಒಂದು ಪಕ್ಕದಲ್ಲಿ ಟೈರಿನ ಅಂಗಡಿ, ಇನ್ನೊಂದು ಪಕ್ಕದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್, ನಡುವೆ ನಾವು. ನಾನು ಮೈಸೂರಿನವಳು, ಅವರು ಬೆಂಗಳೂರಿನ ಶಿವಾಜಿನಗರದವರು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಹೋಟೆಲಿನ ಅಡುಗೆಮನೆಯಲ್ಲಿ ಜಗಳವಾಡುತ್ತಿದ್ದದ್ದು ಮಾತ್ರ ಕನ್ನಡದಲ್ಲಿ. ನಮ್ಮ ಅಡುಗೆಯವರು ಒಬ್ಬರೇ, ಹೈದರಾಬಾದಿನವರು. ಉರ್ದುವಿನಲ್ಲಿ ಒಂದು ದನಿ ಏರಿದರೂ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಹೀಗಾಗಿ ಈಚಿನ ವರ್ಷಗಳಲ್ಲಿ ನಾನು ಆಡಿದ ಕನ್ನಡದಲ್ಲಿ ಹೆಚ್ಚಿನ ಪಾಲು ಸಿಟ್ಟಿನ ಕನ್ನಡವೇ. ಬರೆಯಲು ಕೂತಾಗಲೂ ಅದೇ ಮೊದಲು ಬರುತ್ತದೆ.

2020ರ ಆರಂಭದವರೆಗೂ ನಮಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಸುತ್ತಲಿನ ಆಫೀಸುಗಳವರು ಮಧ್ಯಾಹ್ನ ಒಟ್ಟಿಗೇ ನುಗ್ಗುತ್ತಿದ್ದರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು. ಅಷ್ಟು ಗದ್ದಲದಲ್ಲೂ ಕಿಟಕಿ ಪಕ್ಕದ ಸಣ್ಣ ಮೇಜನ್ನು ನಾನು ಒಬ್ಬರಿಗಾಗಿ ಹಿಡಿದಿಡುತ್ತಿದ್ದೆ. ಆಕೆ ಇಲ್ಲಿನವರೇ, ಶಾಲಾ ಬಸ್ಸು ಓಡಿಸಿ ನಿವೃತ್ತರಾದ ಅಮೆರಿಕನ್ ಹೆಂಗಸು. ದಪ್ಪ ಕನ್ನಡಕ, ಎಲ್ಲಾ ಕಾಲಕ್ಕೂ ಅದೇ ನೀಲಿ ಸ್ವೆಟರು. ಒಂದು ದಿನ ಟೈರು ಬದಲಾಯಿಸಲು ಬಂದವರು ವಾಸನೆ ಹಿಡಿದು ನಮ್ಮ ಕಡೆ ಬಂದರು, ಖೀಮಾ ಜೊತೆ ಖಿಚಡಿ ತಿಂದರು. ಅಂದಿನಿಂದ ಬೇರೇನನ್ನೂ ಕೇಳಲಿಲ್ಲ. ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ನನ್ನನ್ನು ಕರೆದು, "ಇವತ್ತು ಅಡುಗೆಯವನ ಮನಸ್ಸು ಎಲ್ಲೋ ಇತ್ತು" ಎನ್ನುತ್ತಿದ್ದರು. ನಾನು ಒಳಗೆ ಹೋಗಿ ಅದನ್ನು ಹಾಗೇ ಹೇಳುತ್ತಿದ್ದೆ. ಮರುದಿನ ಉಪ್ಪು ಸರಿಯಾಗಿರುತ್ತಿತ್ತು.

ಶನಿವಾರಗಳಂದು ಧಾರವಾಡ ಕಡೆಯ ಒಂದು ಸಂಸಾರ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು, ಇಬ್ಬರು ಹೆಣ್ಣುಮಕ್ಕಳು. ಅವರದು ಶುದ್ಧ ಸಸ್ಯಾಹಾರ. ನಮ್ಮದು ಬಿರಿಯಾನಿ ಹೋಟೆಲು. ಆದರೂ ಮಿರ್ಚಿ ಭಜಿ, ಚಹಾಕ್ಕೆಂದು ಬರುತ್ತಿದ್ದರು. ಬಾಗಿಲಲ್ಲಿ ಕಾಲಿಟ್ಟೊಡನೆ ಆಕೆಯ ಮೊದಲ ಮಾತು ಒಂದೇ: "ಅಕ್ಕಾರ, ಭಜಿ ಬಾಣಲಿ ಬ್ಯಾರೆ ಇಟ್ಟೀರಿ ಹೌದಿಲ್ರಿ?" ಬೇರೆಯೇ ಇಟ್ಟಿದ್ದೆ, ಆ ಸಂಸಾರಕ್ಕೆಂದೇ ಕೊಂಡ ಬಾಣಲೆ ಅದು. ನಾನು ಅದನ್ನು ಎತ್ತಿ ತೋರಿಸಬೇಕು, ಆಕೆ ನಗಬೇಕು, ಆಮೇಲೆ ಕೂರಬೇಕು. ಹುಡುಗಿಯರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಚಟ್ನಿ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದರು.

ಆ ಮಾರ್ಚಿನಲ್ಲಿ ಕೊರೋನಾ ಬಂದು ಎಲ್ಲ ಹೋಟೆಲುಗಳಂತೆ ನಮ್ಮದೂ ಮುಚ್ಚಿತು. ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟೆವು. ಮನೆಗೆ ಊಟ ತಲುಪಿಸುವ ಆಪ್‌ಗಳಿಗೆ ನನ್ನ ಗಂಡ ಒಂದೊಂದಾಗಿ ಅಪ್ಲೈ ಮಾಡಿದರು. ಒಂದೊಂದು ಆಪ್‌ಗೂ ಒಂದೊಂದು ಟ್ಯಾಬ್ಲೆಟ್ ಬಂತು. ಕ್ಯಾಷಿಯರ್ ಕೌಂಟರಿನ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿದೆವು. ಆರ್ಡರ್ ಬಂದಾಗ ಅವು ಟಿಣ್ ಎನ್ನುತ್ತಿದ್ದವು, ಪ್ರತಿಯೊಂದರದೂ ಬೇರೆ ಬೇರೆ ಟಿಣ್. ಅಡುಗೆಯವರನ್ನು ಮನೆಯಲ್ಲಿರಿ ಎಂದು ಕಳಿಸಿ, ನನ್ನ ಗಂಡ ಒಬ್ಬರೇ ಒಲೆಯ ಮುಂದೆ ನಿಂತರು. ನಾನು ಪ್ಯಾಕ್ ಮಾಡುತ್ತಿದ್ದೆ. ಮಾಸ್ಕ್ ಹಾಕಿದ ಡ್ರೈವರುಗಳು ಬಾಗಿಲ ಹೊರಗಿನ ಸ್ಟೂಲಿನ ಮೇಲಿಂದ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಆ ಟಿಣ್ ಇಲ್ಲದಿದ್ದರೆ ನಾವು ಆ ವರ್ಷವೇ ಬೀಗ ಹಾಕುತ್ತಿದ್ದೆವು. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ.

ನನ್ನ ತಕರಾರು ಇರುವುದು ಆಮೇಲಿನದರ ಬಗ್ಗೆ.

ಮರುವರ್ಷ ಒಳಗೆ ಕೂತು ಉಣ್ಣಬಹುದು ಎಂದಾಯಿತು. ನಾನು ಕುರ್ಚಿಗಳನ್ನು ಇಳಿಸಿದೆ, ಕಿಟಕಿ ಒರೆಸಿದೆ, ಬಾಗಿಲಿಗೆ ಗೊಂಡೆ ಹೂವಿನ ಸರ ಕಟ್ಟಿದೆ. ಅಡುಗೆಯವರು ವಾಪಸು ಬಂದರು. ನೀಲಿ ಸ್ವೆಟರಿನ ಹಿರಿಯರು ಮೊದಲ ವಾರವೇ ಬಂದು ತಮ್ಮ ಮೇಜಿಗೆ ಕೂತರು. ಬೇರೆಯವರು ಬರಲಿಲ್ಲ. ಆಫೀಸುಗಳು ಅರ್ಧ ಖಾಲಿ, ಅದು ನನಗೂ ಗೊತ್ತು. ಆದರೆ ಆಫೀಸಿಗೆ ಬಂದವರೂ ಬರಲಿಲ್ಲ. ನಮ್ಮ ಪಾರ್ಕಿಂಗ್ ಲಾಟಿನ ಆಚೆ ಕಡೆಯ ಕಟ್ಟಡದಿಂದ ಆರ್ಡರ್ ಬರುತ್ತಿತ್ತು. ಎಲ್ಲಿಂದಲೋ ಒಬ್ಬ ಡ್ರೈವರ್ ಬಂದು ಚೀಲ ತೆಗೆದುಕೊಂಡು, ಕಾರು ಸ್ಟಾರ್ಟ್ ಮಾಡಿ, ಲಾಟನ್ನು ಸುತ್ತಿ ಆ ಕಡೆ ನಿಲ್ಲಿಸಿ ಇಳಿಯುವುದು ನನ್ನ ಕಿಟಕಿಯಿಂದಲೇ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ, "ಕೊಡಪ್ಪಾ, ನಾನೇ ಕೊಟ್ಟು ಬರುತ್ತೇನೆ" ಎಂದು ಒಬ್ಬ ಡ್ರೈವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆತ ಗಾಬರಿಯಾಗಿ ಚೀಲವನ್ನು ಎದೆಗೆ ಅವಚಿಕೊಂಡು ಹೊರಟುಹೋದ. ಅವನ ತಪ್ಪಲ್ಲ. ಅವನ ಫೋನಿನ ಆಪ್ ಅವನು ಹೋದಲ್ಲೆಲ್ಲ ಅವನನ್ನು ನೋಡುತ್ತಿತ್ತು.

ಅಡುಗೆಯೂ ಬದಲಾಗತೊಡಗಿತು. ಪರೋಟವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರುತ್ತದೆ, ಮನೆ ತಲುಪುವಾಗ ಒದ್ದೆ ಬಟ್ಟೆ. ಅದನ್ನು ಮೆನುವಿನಿಂದ ತೆಗೆದೆವು. ದಾಲ್ಚಾ, ಬೇಳೆ ಮಾಂಸದ ತೆಳು ಸಾರು, ಕಾರು ತಿರುಗಿದಾಗ ಚೆಲ್ಲುತ್ತದೆ. ಅದೂ ಹೋಯಿತು. ಅನ್ನ ಕೆಳಗೆ, ಮಾಂಸ ಮೇಲೆ, ಅದರ ಮೇಲೆ ಗಟ್ಟಿ ಸಾಸು ಹಾಕಿದ "ಬೌಲ್" ಎಂಬುದೊಂದು ಬಂತು. ಅದು ಎಷ್ಟು ದೂರ ಹೋದರೂ ಹಾಗೇ ಇರುತ್ತದೆ, ಹೊರಡುವಾಗಲೂ ಅಷ್ಟಕ್ಕಷ್ಟೇ. ನನ್ನ ಗಂಡನ ಕೈಯಲ್ಲಿ ಪರೋಟದ ಹಿಟ್ಟು ಗಾಳಿಯಲ್ಲಿ ಬಿಚ್ಚಿಕೊಳ್ಳುವುದನ್ನು ನೋಡಲು ಆಫೀಸಿನ ಹುಡುಗರು ಅಡುಗೆಮನೆಯ ಕಿಂಡಿಯ ಹತ್ತಿರ ನಿಲ್ಲುತ್ತಿದ್ದರು. ಈಗ ಆ ಕೈ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿತ್ತು.

"ನಿಮಗೆ ಬೇಜಾರಾಗಲ್ವಾ?" ಎಂದು ಕೇಳಿದೆ.

"ಬೇಜಾರು ಮಾಡ್ಕೊಂಡು ಕೂತ್ರೆ ಬಾಡಿಗೆ ಯಾರು ಕೊಡ್ತಾರೆ? ಜನ ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗ್ಬೇಕು ಕಣೇ," ಎಂದರು.

ಧಾರವಾಡದ ಸಂಸಾರ ಶನಿವಾರ ಬರುತ್ತಿರಲಿಲ್ಲ. ಆದರೆ ಒಂದು ಸಂಜೆ ಟ್ಯಾಬ್ಲೆಟ್ಟಿನಲ್ಲಿ ಆಕೆಯ ಹೆಸರು ಕಂಡಿತು. ಮಿರ್ಚಿ ಭಜಿ, ಚಟ್ನಿ ಜಾಸ್ತಿ. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಳಗೆ ಓಡಿ ಹೋಗಿ ಅಡುಗೆಯವರನ್ನು ಸರಿಸಿ ನಾನೇ ಕರಿದೆ, ಅದೇ ಬೇರೆ ಬಾಣಲೆಯಲ್ಲಿ. ಹುಡುಗಿಯರಿಗೆಂದು ಎರಡು ಗುಲಾಬ್ ಜಾಮೂನು ಇಟ್ಟೆ. ಚೀಲದ ಬಾಯಿಗೆ ಸೀಲ್ ಸ್ಟಿಕ್ಕರ್ ಅಂಟಿಸಿದೆ, ಅದು ಆಪ್‌ನವರ ನಿಯಮ. ಡ್ರೈವರ್ ಬರುವುದು ತಡವಾಯಿತು. ಚೀಲ ಕೌಂಟರಿನ ಮೇಲೆ ಆರುತ್ತ ಕೂತಿತ್ತು, ನಾನು ಅದರ ಪಕ್ಕದಲ್ಲಿ ನಿಂತು ಬಾಗಿಲು ನೋಡುತ್ತಿದ್ದೆ. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ಮರುದಿನ ನನ್ನ ಗಂಡ ಟ್ಯಾಬ್ಲೆಟ್ ತಂದು ಮುಂದೆ ಹಿಡಿದರು. ಎರಡು ಸ್ಟಾರ್. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಚಟ್ನಿ ಚೆಲ್ಲಿತ್ತು, ಭಜಿ ಮೆತ್ತಗಾಗಿತ್ತು, ನಿರಾಸೆಯಾಯಿತು.

ಮಧ್ಯಾಹ್ನದವರೆಗೆ ತಡೆದುಕೊಂಡೆ. ಆಮೇಲೆ ಫೋನ್ ಮಾಡಿದೆ. ಆಕೆಯ ದನಿಯಲ್ಲಿ ನಿಜವಾದ ಸಂತೋಷವಿತ್ತು.

"ಅಕ್ಕಾರ! ಎಷ್ಟ್ ದಿನಾ ಆತ್ರಿ ನಿಮ್ಮ ದನಿ ಕೇಳಿ. ಹೆಂಗದೀರಿ?"

"ಭಜಿ ಮೆತ್ತಗಾಗಿತ್ತಂತೆ," ಎಂದೆ.

"ಅಯ್ಯ, ಅದನ್ನ ನೀವು ಓದ್ತೀರೇನ್ರಿ? ನಾ ಆಪ್‌ಗೆ ಬರ್ದಿದ್ದೆ ರೀ, ನಿಮಗಲ್ಲ. ಉಂಡ ಮ್ಯಾಲೆ ಎಷ್ಟು ಸ್ಟಾರ್ ಅಂತ ಕೇಳ್ತೈತಿ. ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಡ್ರಾಪ್ ಮಾಡಿ ಕಾರಿನ್ಯಾಗ ಸುಮ್ನ ಕುಂತಿದ್ದೆ, ಒತ್ತಿಬಿಟ್ಟೆ."

"ನನಗೆ ಒಂದು ಫೋನ್ ಮಾಡಿದ್ರೆ ಇನ್ನೊಂದ್ಸಲ ಕರಿದು ಕಳಿಸ್ತಿದ್ದೆನಲ್ಲ."

"ಅಷ್ಟಕ್ಕ ನಿಮಗ ಯಾಕ ತ್ರಾಸ್ ಕೊಡೂದು ಅಂತ ಮಾಡಲಿಲ್ರಿ."

ಆಕೆ ಸುಳ್ಳು ಹೇಳುವವರಲ್ಲ. ನನಗೆ ತೊಂದರೆ ಕೊಡಬಾರದೆಂದೇ ಫೋನ್ ಮಾಡಿರಲಿಲ್ಲ. ಅದೇ ಸಂಜೆ ಆ ಎರಡು ಸ್ಟಾರ್ ಐದಾಗಿದ್ದವು, "ಎಲ್ಲವೂ ಅದ್ಭುತ" ಎಂಬ ಮಾತಿನ ಜೊತೆ. ನನಗೆ ಮೊದಲಿನದಕ್ಕಿಂತ ಇದೇ ಹೆಚ್ಚು ಉರಿಯಿತು. ಭಜಿ ನಿಜವಾಗಿಯೂ ಮೆತ್ತಗಾಗಿತ್ತು. ಈಗ ನಿಜ ಹೇಳುವವರೂ ಒಬ್ಬರು ಕಡಿಮೆಯಾದರು.

ಇನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ನನ್ನ ಗಂಡನಿಗೆ ಯಾರೋ ಒಬ್ಬ ಯುವಕ ಬಂದು ಒಂದು ದಾರಿ ತೋರಿಸಿದ. ಅಡುಗೆಮನೆ ಒಂದೇ, ಆದರೆ ಆಪ್‌ನಲ್ಲಿ ಬೇರೆ ಬೇರೆ ಹೆಸರಿನ ಹೋಟೆಲುಗಳಾಗಿ ಕಾಣಿಸಿಕೊಳ್ಳುವುದು. ನಮ್ಮ ಹೆಸರಿನಲ್ಲಿ ಬಿರಿಯಾನಿ. ಎರಡನೆಯ ಹೆಸರಿನಲ್ಲಿ ಕರಿದ ಕೋಳಿ ರೆಕ್ಕೆ. ಮೂರನೆಯ ಹೆಸರಿನಲ್ಲಿ ಅವೇ ಬೌಲ್‌ಗಳು, ಯಾರೋ ಅಜ್ಜಿ ಮಾಡಿದ್ದೆಂಬಂಥ ಹೆಸರಿನೊಂದಿಗೆ. ಆ ಅಜ್ಜಿ ಎಲ್ಲೂ ಇರಲಿಲ್ಲ. ಇದಕ್ಕೆಲ್ಲ ಇನ್ನೊಂದು ಫ್ರೈಯರ್ ಬೇಕು, ಡಬ್ಬಿಗಳಿಗೆ ಜಾಗ ಬೇಕು, ಚೀಲಗಳನ್ನು ಜೋಡಿಸಿಡಲು ಕಪಾಟು ಬೇಕು. ಜಾಗ ಎಲ್ಲಿತ್ತು? ಮೇಜುಗಳಿದ್ದ ಕಡೆ ಇತ್ತು.

ನಾನು ಬೇಡವೆಂದೆ. "ರೀ, ಮೇಜಿಲ್ಲದ ಮೇಲೆ ಅದನ್ನ ಹೋಟೆಲು ಅಂತ ಯಾಕೆ ಕರೀಬೇಕು?" ಎಂದೆ. ಅವರು ಬೆನ್ನು ನೋವಿಗೆ ಕಟ್ಟಿಕೊಂಡಿದ್ದ ಪಟ್ಟಿಯನ್ನು ಬಿಗಿ ಮಾಡಿಕೊಂಡು ಸ್ಕ್ರೂ ಡ್ರೈವರ್ ತಂದರು. ಮೇಜುಗಳು ಆನ್‌ಲೈನಿನಲ್ಲೇ ಮಾರಾಟವಾದವು. ಕೊಂಡವರು ಯಾರೆಂದು ನಾನು ಇಂದಿಗೂ ನೋಡಿಲ್ಲ. ಹೊರಗಿಡಿ, ಬೆಲ್ ಮಾಡಬೇಕಿಲ್ಲ, ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ ಎಂಬ ಮೆಸೇಜ್ ಬಂತು. ಕಾಲುದಾರಿಯ ಮೇಲೆ ಬಿಸಿಲಿನಲ್ಲಿ ಅವು ಅರ್ಧ ದಿನ ನಿಂತಿದ್ದವು. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಿಂದ ಬಂದ ರೋಗಿಯೊಬ್ಬರು ಕೆನ್ನೆ ಹಿಡಿದುಕೊಂಡು ಕುರ್ಚಿಯೊಂದರಲ್ಲಿ ಕೂತು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋದರು. ನಮ್ಮ ಕುರ್ಚಿಯಲ್ಲಿ ಕೂತ ಕೊನೆಯ ಗಿರಾಕಿ ಅವರೇ ಇರಬೇಕು ಎಂದುಕೊಂಡೆ.

ಆ ವಾರ ನೀಲಿ ಸ್ವೆಟರಿನ ಹಿರಿಯರು ಬರಲಿಲ್ಲ. ಮೊಣಕಾಲಿಗೆ ಆಪರೇಷನ್ ಆಗಿ ತಿಂಗಳುಗಟ್ಟಲೆ ಮನೆಯಲ್ಲಿರುತ್ತೇನೆಂದು ಮೊದಲೇ ಹೇಳಿದ್ದರು. ಅವರ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ, ಅವರು ಸುಮ್ಮನೆ ಬರುತ್ತಿದ್ದರು.

ಆ ಸಲದ ರಂಜಾನ್ ಹಬ್ಬಕ್ಕೆ ನಾವು ಲಾಸ್ ಏಂಜಲೀಸಿಗೆ, ಪೋರ್ಟರ್ ರ‍್ಯಾಂಚಿನಲ್ಲಿರುವ ನನ್ನ ತಂಗಿಯ ಮನೆಗೆ ಹೋದೆವು. ತಂಗಿಯ ಗಂಡ ಭೋಪಾಲಿನವರು. ಸ್ಯಾನ್ ಪೀಡ್ರೊ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ಜನ ಹೊರಗೆ ಹೋಗುವುದನ್ನು ಬಿಟ್ಟು ಎಲ್ಲವನ್ನೂ ಮನೆಗೇ ತರಿಸಿಕೊಳ್ಳತೊಡಗಿದ ಮೇಲೆ, ಹಡಗುಗಳು ದಡಕ್ಕೆ ಬರಲು ಜಾಗವಿಲ್ಲದೆ ಸಮುದ್ರದಲ್ಲೇ ಸಾಲುಗಟ್ಟಿ ನಿಂತಿದ್ದುದನ್ನು ಆತ ವರ್ಣಿಸುತ್ತಿದ್ದರು. ವರ್ಣಿಸುವಾಗ ಬಾಗಿಲ ಬೆಲ್ ಆಯಿತು. ಆತ ಏಳಲಿಲ್ಲ. ಫೋನಿನಲ್ಲಿ ಬಾಗಿಲ ಕ್ಯಾಮೆರಾ ನೋಡಿ, "ಬಾಕ್ಸ್" ಎಂದು ಮಾತು ಮುಂದುವರಿಸಿದರು. ಬಾಗಿಲ ಹೊರಗೆ ಅಂಥ ಬಾಕ್ಸುಗಳು ಆಗಲೇ ಮೊಣಕಾಲೆತ್ತರ ಇದ್ದವು.

ತಂಗಿಯ ಮನೆ ಬೆಟ್ಟದ ಓರೆಯಲ್ಲಿ ಹೊಸದಾಗಿ ಕಟ್ಟಿದ್ದು. ಅವಳ ಅಡುಗೆಮನೆಯ ನಡುವಿನ ಕಲ್ಲಿನ ಕಟ್ಟೆಯ ಮೇಲೆ ನಮ್ಮ ಹೋಟೆಲಿನ ಅರ್ಧ ಅಡುಗೆ ಮಾಡಿಬಿಡಬಹುದು. ನಾನು ಅಡುಗೆಗೆಂದು ತೋಳೇರಿಸಿ ಹೋದಾಗ ಅವಳು ನನ್ನ ಕೈ ಹಿಡಿದಳು. ಮಕ್ಕಳ ಮುಂದೆ ಏನಾದರೂ ಗುಟ್ಟು ಹೇಳಬೇಕಾದರೆ ನಾವಿಬ್ಬರೂ ನಮ್ಮ ಮೈಸೂರಿನ ಕನ್ನಡ ಮೀಡಿಯಂ ಶಾಲೆಯ ಭಾಷೆಗೆ ಹೊರಳುತ್ತೇವೆ.

"ಆಪಾ, ನೀನು ದಿನಾ ಅದೇ ಮಾಡ್ತೀಯ. ಹಬ್ಬದ ದಿನನಾದ್ರೂ ಕೈ ಕಟ್ಕೊಂಡು ಕೂತ್ಕೋ. ಎಲ್ಲಾ ಆರ್ಡರ್ ಮಾಡಿದೀನಿ. ಯಾರ‍್ಯಾರಿಗೆ ಏನೇನು ಬೇಕೋ ಅವರವರದೇ."

"ಒಂದು ಡೇಗ್ಚಿ ಬಿರಿಯಾನಿ ಹಾಕಿದ್ರೆ ಎಲ್ರಿಗೂ ಆಗ್ತಿತ್ತಲ್ಲೇ."

"ಮಗಳು ಅನ್ನ ತಿನ್ನಲ್ಲ. ಮಗನಿಗೆ ಮಟನ್ ಆಗಲ್ಲ. ಇವರಿಗೆ ಸಕ್ಕರೆ. ಯಾಕೆ ಜಗಳ?"

ಜಗಳವೇನೋ ಆಗಲಿಲ್ಲ. ಮೊದಲು ಮಗನ ಚೀಲ ಬಂತು. ಕಾಲೇಜು ಮುಗಿಸಿದ ಹುಡುಗ, ಅದನ್ನು ಎತ್ತಿಕೊಂಡು ಮಹಡಿಗೆ ಹೋದ. ಅವನು ಉಂಡು ಮುಗಿಸುವ ಹೊತ್ತಿಗೆ ಅವನ ಅಪ್ಪನದು ಬಂತು. ಆತ ಟಿವಿ ಮುಂದೆ ಕೂತರು. ಆಮೇಲೆ ಮಗಳದು. ಆಮೇಲೆ ತಂಗಿಯದು ಮತ್ತು ನನ್ನ ಗಂಡನದು. ಹೊಸ ಶರ್ಟು ಹಾಕಿಕೊಂಡಿದ್ದ ನನ್ನ ಗಂಡ ಡಬ್ಬಿಯ ಮುಚ್ಚಳ ತೆಗೆದು, ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಈ ಡಬ್ಬಿ ನಮ್ಮದಕ್ಕಿಂತ ಚೆನ್ನಾಗಿ ಕೂರತ್ತೆ" ಎಂದರು. ನನ್ನದು ಯಾವುದೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅದು ಬಂದಾಗ ಊಟದ ಮೇಜಿನಲ್ಲಿ ಉಣ್ಣುವವಳು ನಾನೊಬ್ಬಳೇ. ತಂಗಿ ಎದುರಿಗೆ ಕೂತು ಫೋನಿನಲ್ಲಿ ಹಬ್ಬದ ಮೆಸೇಜುಗಳಿಗೆ ಉತ್ತರ ಕೊಡುತ್ತಿದ್ದಳು. ನಾವು ಚಿಕ್ಕವರಿದ್ದಾಗ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು, ಒಬ್ಬರ ಪಾಲಿನ ಮಾಂಸದ ತುಂಡನ್ನು ಇನ್ನೊಬ್ಬರು ಕದ್ದು, ಅಮ್ಮನಿಂದ ಬೈಸಿಕೊಂಡು ಉಂಡವರು. ಇದನ್ನು ಹೇಳಿದರೆ ಅವಳು ನಗುತ್ತಾಳೆ, ಹೇಳಿದರೂ ಏನೂ ಆಗುವುದಿಲ್ಲ ಎಂದು ಡಬ್ಬಿಯ ಮುಚ್ಚಳ ತೆಗೆದೆ. ಹಬ್ಬದ ಶಾವಿಗೆ ಪಾಯಸ ಶೀರ್ ಖುರ್ಮಾ ಕೂಡ ಪ್ಲಾಸ್ಟಿಕ್ ಲೋಟದಲ್ಲಿ ಬಂದಿತ್ತು. ಸಿಹಿ ಸಾಲದು. ಯಾರನ್ನು ಕರೆದು ಹೇಳುವುದು?

ಸ್ಯಾನ್ ಡಿಯಾಗೋಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದೆ. "ಏನಾಯ್ತು, ಹೊಟ್ಟೆ ಸರಿ ಇಲ್ವಾ?" ಎಂದು ಗಂಡ ಕೇಳಿದರು.

ಅದಾದ ಕೆಲವು ವಾರಗಳ ನಂತರ ಮನೆಗೆ ಸಾಮಾನು ತರಲು ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆ. ಅಲ್ಲಿಯೂ ಬಿಲ್ ಮಾಡುವ ಮನುಷ್ಯರನ್ನು ತೆಗೆದು, ನಾವೇ ಬಿಲ್ ಮಾಡಿಕೊಳ್ಳುವ ಮಷೀನುಗಳನ್ನು ಇಟ್ಟಿದ್ದರು. ಒಂದು ಮಷೀನು ಯಾರೊಂದಿಗೋ ಜಗಳವಾಡುತ್ತಿತ್ತು: ಚೀಲದಲ್ಲಿ ಇಡಬಾರದ್ದನ್ನು ಇಟ್ಟಿದ್ದೀರಿ, ತೆಗೆಯಿರಿ, ಸಹಾಯಕ್ಕೆ ಕಾಯಿರಿ. ಒಂದು ಕಟ್ಟು ಈರುಳ್ಳಿ ಸೊಪ್ಪನ್ನು ಎತ್ತುತ್ತ ಇಳಿಸುತ್ತ ನಿಂತವರು ನೀಲಿ ಸ್ವೆಟರಿನ ಹಿರಿಯರು. ಕೈಯಲ್ಲಿ ಊರುಗೋಲು. ನನ್ನನ್ನು ಕಂಡೊಡನೆ ಸೊಪ್ಪನ್ನು ಹಾಗೇ ಬಿಟ್ಟು ನನ್ನ ಎರಡೂ ಕೈ ಹಿಡಿದರು.

"ಅಯ್ಯೋ ಮಗಳೇ, ನಿಮ್ಮ ಹೋಟೆಲು ಮುಚ್ಚಿಹೋಯಿತಲ್ಲ, ನನಗೆ ಎಷ್ಟು ಬೇಜಾರಾಯಿತು ಗೊತ್ತಾ," ಎಂದರು.

"ಮುಚ್ಚಿಲ್ಲವಲ್ಲ," ಎಂದೆ.

"ನಾನು ಬಂದಿದ್ದೆ. ಗಾಜಿನಿಂದ ಇಣುಕಿದೆ. ಒಳಗೆ ಬರೀ ಕಪಾಟು, ಪೇಪರ್ ಚೀಲ. ಯಾರೋ ಗೋಡೌನು ಮಾಡಿಕೊಂಡಿದ್ದಾರೆ ಅಂದುಕೊಂಡು ಹೊರಟುಹೋದೆ. ಇಷ್ಟು ಒಳ್ಳೆಯವರು ಹೇಳದೇ ಹೋದರಲ್ಲಾ ಅಂತ ಸ್ವಲ್ಪ ಸಿಟ್ಟೂ ಬಂತು."

ಅವರು ಇಣುಕಿದ ಆ ದಿನ ಒಳಗೆ ನಾವು ಮೂವರೂ ಇದ್ದಿರಲೇಬೇಕು. ಎಂದಿಗಿಂತ ಹೆಚ್ಚು ಕೆಲಸವಿದ್ದ ದಿನಗಳವು. ಟ್ಯಾಬ್ಲೆಟ್ಟುಗಳು ಹೊಡೆದುಕೊಳ್ಳುತ್ತಿದ್ದವು. ನಮ್ಮ ಅಡುಗೆ ಊರಿನ ಎಲ್ಲ ದಿಕ್ಕಿಗೂ ಹೋಗುತ್ತಿತ್ತು, ಆದರೆ ಬಾಗಿಲಿಗೆ ಬಂದ ಒಬ್ಬರಿಗೆ ನಾವು ಸತ್ತುಹೋದಂತೆ ಕಂಡಿದ್ದೆವು.

ಅಂದು ಹೋಟೆಲಿಗೆ ಹೋಗಿ ಏಪ್ರನ್ ಕಟ್ಟದೆ ನಿಂತೆ. ಅಡುಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಅಂಗಡಿಯಲ್ಲಿ ಅವರು ಸಿಕ್ಕಿದ್ದನ್ನು ಹೇಳಿ, ನಾನು ಕನ್ನಡದಲ್ಲಿ ಜಗಳ ಶುರು ಮಾಡಿದೆ.

"ನಾಲ್ಕು ಮೇಜಾದ್ರೂ ವಾಪಸು ಹಾಕಿ. ಇಲ್ದಿದ್ರೆ ನಾನು ನಾಳೆಯಿಂದ ಬರಲ್ಲ."

"ಯಾರಿಗೋಸ್ಕರ? ಆ ಒಬ್ಬ ಅಜ್ಜಿಗೋಸ್ಕರನಾ?"

"ಹೌದು, ಅವರಿಗೋಸ್ಕರ. ನೀವು ಯಾರಿಗೆ ಅಡುಗೆ ಮಾಡ್ತಿದ್ದೀರಾ ಅಂತ ಗೊತ್ತಾ ನಿಮಗೆ? ಒಬ್ಬರ ಮುಖ ಹೇಳಿ ನೋಡೋಣ."

"ಮುಖ ತಗೊಂಡು ಏನ್ ಮಾಡ್ಲಿ? ಹೆಸರು ಸ್ಟಿಕ್ಕರ್ ಮೇಲೆ ಇರತ್ತೆ."

"ಹೆಸರು ಮನುಷ್ಯ ಆಗತ್ತಾ?"

ಅವರು ಗ್ಯಾಸ್ ಸಣ್ಣ ಮಾಡಿ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ನಾನು ಜನರನ್ನ ಬದಲಾಯಿಸ್ಲಿಲ್ಲ ಕಣೇ. ಒಂದು ವರ್ಷ ಪೂರ್ತಿ ಬಾಗಿಲು ತೆಗೆದು ಕುರ್ಚಿ ಹಾಕಿ ಕಾದೆ. ನೀನೇ ಹೂವು ಕಟ್ಟಿದ್ದೆ. ಯಾರು ಬಂದ್ರು ಹೇಳು?"

ಅವರು ಹೇಳಿದ್ದು ನಿಜವೆಂಬುದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಕನ್ನಡ ಬಾರದ ಅಡುಗೆಯವರು ತಲೆಯೆತ್ತದೆ, "ಭಾಬಿ ಹೇಳ್ತಿರೋದು ಸರಿ" ಎಂದು ಉರ್ದುವಿನಲ್ಲಿ ಅಂದರು. ಇಷ್ಟು ವರ್ಷ ನಮ್ಮ ಜಗಳಗಳಲ್ಲಿ ಅವರಿಗೆ ಏನೇನು ಅರ್ಥವಾಗಿತ್ತೋ!

ಕೊನೆಗೆ ಒಂದು ಒಪ್ಪಂದವಾಯಿತು. ಶನಿವಾರ ಮಧ್ಯಾಹ್ನ ಮಾತ್ರ ಟ್ಯಾಬ್ಲೆಟ್ಟುಗಳನ್ನು ಆಫ್ ಮಾಡುವುದು, ಮಡಚುವ ಮೇಜುಗಳನ್ನು ತಂದು ಹಾಕುವುದು, ಪರೋಟ, ದಾಲ್ಚಾ ಮಾಡುವುದು. ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಸೂಪರ್ ಮಾರ್ಕೆಟ್ಟಿನಲ್ಲೇ ನೀಲಿ ಸ್ವೆಟರಿನವರ ನಂಬರು ತೆಗೆದುಕೊಂಡಿದ್ದೆ.

ಮೊದಲ ಶನಿವಾರ ಅವರು ಎಲ್ಲರಿಗಿಂತ ಮೊದಲು ಬಂದು, ಮಡಚುವ ಕುರ್ಚಿಯನ್ನು ಅನುಮಾನದಿಂದ ಅಲ್ಲಾಡಿಸಿ ನೋಡಿ ಕೂತರು. ಧಾರವಾಡದ ಸಂಸಾರವೂ ಬಂತು. ಆಕೆ ಬಾಣಲೆಯ ಬಗ್ಗೆ ಕೇಳಲು ಮರೆತಿದ್ದರು. ನಾನೇ ಎತ್ತಿ ತೋರಿಸಿದೆ. ಹುಡುಗಿಯರು ಎತ್ತರವಾಗಿದ್ದರು. ಭಜಿ ಬರುವವರೆಗೆ ನಾಲ್ವರೂ ನಾಲ್ಕು ಫೋನು ನೋಡುತ್ತಿದ್ದರು. ದೊಡ್ಡವಳು ತಲೆಯೆತ್ತಿ ಒಮ್ಮೆ, ಮನೆಯಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಬಂದಿರುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಅಮ್ಮನಿಗೆ ಹೇಳಿದಳು. ಅಮ್ಮ, "ಸುಮ್ನಿರು, ಅಕ್ಕಾರಿಗೆ ಕೇಳಸ್ತೈತಿ" ಎಂದರು. ಕೇಳಿಸಿತ್ತು. ಆದರೂ ಭಜಿ ಬಂದಾಗ ಆ ಹುಡುಗಿ ಸುಡುತ್ತ ಸುಡುತ್ತಲೇ ತಿಂದಳು, ನಾಲಗೆಗೆ ಕೈಯಿಂದ ಗಾಳಿ ಬೀಸಿಕೊಂಡಳು. ಭಜಿ ಗರಿಗರಿಯಾಗಿತ್ತು. ನಾನು ಬಾಗಿಲ ಹತ್ತಿರ ನಿಂತು ಆ ಕರಕರ ಸದ್ದು ಕೇಳಿಸಿಕೊಂಡೆ.

ಆಗಲೇ ಒಬ್ಬ ಯುವಕ ಒಳಗೆ ಬಂದು ಒಂದು ಮೇಜಿಗೆ ಕೂತ. ನಾನು ಸಂಭ್ರಮದಿಂದ ನೀರು ತಂದಿಟ್ಟೆ. ಆತ ಫೋನಿನಲ್ಲಿ ಏನೋ ಹುಡುಕುತ್ತ, ಮುಖ ಗಂಟಿಕ್ಕಿ, "ನೀವು ಇವತ್ತು ಕ್ಲೋಸಾ?" ಎಂದು ಕೇಳಿದ.

"ಇಲ್ಲ, ತೆರೆದಿದ್ದೇವಲ್ಲ. ನೀವು ಒಳಗೇ ಕೂತಿದ್ದೀರಿ."

"ಆಪ್‌ನಲ್ಲಿ ಕ್ಲೋಸ್ಡ್ ಅಂತ ತೋರಿಸುತ್ತಿದೆ."

"ಆಪ್ ಆಫ್ ಮಾಡಿದ್ದೇವೆ. ನನಗೆ ಹೇಳಿ, ಏನು ಬೇಕು? ಪರೋಟ ಬಿಸಿ ಇದೆ."

ಆತ ಮರ್ಯಾದಸ್ಥ. ಆದರೆ ಬಾಯಿ ಬಿಟ್ಟು ಕೇಳುವುದು ಅವನಿಗೆ ಹಿಂಸೆಯಾಗುತ್ತಿತ್ತು. ಆಪ್‌ನಲ್ಲಿ ತನಗೆ ಪಾಯಿಂಟುಗಳಿವೆ, ಹಿಂದೆ ತರಿಸಿದ್ದು ಅದರಲ್ಲೇ ಸೇವ್ ಆಗಿದೆ, ಅದರ ಹೆಸರು ತನಗೆ ಗೊತ್ತಿಲ್ಲ ಎಂದ. ಸ್ವಲ್ಪ ಹೊತ್ತು ಕೂತಿದ್ದು, ನೀರು ಕುಡಿದು, ಥ್ಯಾಂಕ್ಸ್ ಹೇಳಿ ಎದ್ದು ಹೋದ. ಹೊರಗೆ ಕಾರಿನಲ್ಲಿ ಕೂತು ಬೇರೆ ಯಾವುದೋ ಹೋಟೆಲಿನಿಂದ ಆರ್ಡರ್ ಮಾಡುತ್ತಿದ್ದಿರಬೇಕು. ಅವನ ಹಿಂದೆ ಓಡಿ ಹೋಗಿ ಪರೋಟವನ್ನು ಅವನ ಬಾಯಿಗೆ ತುರುಕಬೇಕೆನ್ನಿಸಿತು ನನಗೆ.

ಒಂದಷ್ಟು ಶನಿವಾರ ಹೀಗೆ ನಡೆಸಿದೆವು. ಒಮ್ಮೆ ಅರ್ಧ ತುಂಬಿತು. ಒಮ್ಮೆ ನೀಲಿ ಸ್ವೆಟರಿನವರು ಒಬ್ಬರೇ. ಶನಿವಾರ ಆಫ್ ಇರುವವರನ್ನು ಆಪ್ ಪಟ್ಟಿಯಲ್ಲಿ ಕೆಳಗೆ ತಳ್ಳುತ್ತದೆಂದು ನನ್ನ ಗಂಡನಿಗೆ ಅನುಮಾನ. ಭಾನುವಾರ ಆರ್ಡರುಗಳು ಇಳಿಯುತ್ತಿದ್ದದ್ದಂತೂ ನಿಜ. ಒಂದು ಶನಿವಾರ ನಾನು ಚಹಾ ಸುರಿಯುತ್ತಿದ್ದಾಗ ಒಳಗಿನಿಂದ ಸಣ್ಣಗೆ ಟಿಣ್ ಎಂದಿತು. ನನ್ನ ಗಂಡ ಒಂದು ಟ್ಯಾಬ್ಲೆಟ್ಟನ್ನು ಆಫ್ ಮಾಡದೆ ಟವೆಲಿನಲ್ಲಿ ಸುತ್ತಿ ಫ್ರಿಜ್ಜಿನ ಮೇಲೆ ಇಟ್ಟಿದ್ದರು. ನಾನು ಒಳಗೆ ಹೋಗಿ ಅವರ ಮುಖ ನೋಡಿದೆ. ಅವರೂ ನೋಡಿದರು. ಅಂದು ಯಾವ ಭಾಷೆಯಲ್ಲೂ ಜಗಳವಾಡಲಿಲ್ಲ.

ಅದೇ ತಿಂಗಳು ನೀಲಿ ಸ್ವೆಟರಿನವರು ತಾವು ಅರಿಜೋನಾದಲ್ಲಿರುವ ಮಗಳ ಮನೆಗೆ ಹೊರಟಿರುವುದಾಗಿ ಹೇಳಿದರು. ಹೋಗುವ ಮುಂಚೆ ಅಡುಗೆಮನೆ ನೋಡಬೇಕೆಂದರು. ಒಳಗೆ ಕರೆದುಕೊಂಡು ಹೋದೆ. ಅಡುಗೆಯವರ ಕೈ ಕುಲುಕಿದರು, ಖಿಚಡಿಯ ಪಾತ್ರೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕಪಾಟಿನ ಮುಂದೆ ನಿಂತು ಮೂರು ಬೇರೆ ಬೇರೆ ಹೆಸರಿನ ಚೀಲಗಳನ್ನು ಒಂದೊಂದಾಗಿ ಓದಿದರು.

"ಇವುಗಳಲ್ಲಿ ನೀವು ಯಾವುದು?" ಎಂದು ಕೇಳಿದರು.

"ಮೂರೂ," ಎಂದರು ನನ್ನ ಗಂಡ. ಆಕೆ ತಲೆಯಾಡಿಸಿದರು. ನನ್ನನ್ನು ಅಪ್ಪಿಕೊಂಡು, ಊರುಗೋಲು ಊರುತ್ತ ಹೋದರು. ನನ್ನ ಗಂಡ ಆ ದಿನವೆಲ್ಲ ಯಾಕೋ ಗಾಜನ್ನು ಒರೆಸುತ್ತಿದ್ದರು.

ಲೀಸ್ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ, ಹಲವು ಹೋಟೆಲುಗಳವರು ಸಾಲು ಸಾಲಾಗಿ ಅಡುಗೆ ಮಾಡುವ ಒಂದು ಕಟ್ಟಡವಿದೆ. ನಮ್ಮ ಅಡುಗೆ ಅಲ್ಲಿಗೆ ಹೋಯಿತು. ಕಿಟಕಿಯಿಲ್ಲ, ಬೋರ್ಡಿಲ್ಲ, ಬಾಗಿಲ ಮೇಲೆ ಒಂದು ನಂಬರು. ಪಕ್ಕದ ಬಾಗಿಲಿನಲ್ಲಿ ಯಾರೋ ನೂಡಲ್ಸ್ ಮಾಡುತ್ತಾರೆ. ಅವರ ಮುಖ ಕಸ ಹಾಕಲು ಹೋದಾಗ ಮಾತ್ರ ಕಾಣುತ್ತದೆ. ವ್ಯಾಪಾರ ನಡೆಸುವುದು ಮೊದಲಿಗಿಂತ ಹಗುರ ಎಂದು ನನ್ನ ಗಂಡ ಹೇಳುತ್ತಾರೆ, ಬೆನ್ನಿಗೂ ಸ್ವಲ್ಪ ಆರಾಮ. ಅವರು ಅಲ್ಲಿ ನೆಮ್ಮದಿಯಾಗಿದ್ದಾರೆಯೇ ಎಂದು ನಾನು ಕೇಳಿಲ್ಲ. ಕೆಲವು ಭಾನುವಾರ ಮನೆಯಲ್ಲಿ ಪರೋಟದ ಹಿಟ್ಟು ಕಲಸಿ, ನಮ್ಮಿಬ್ಬರಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಮಾಡಿಟ್ಟುಬಿಡುತ್ತಾರೆ.

ನಾನು ಅಲ್ಲಿ ಕೆಲವು ವಾರ ದುಡಿದು, ಆ ಕೆಲಸ ಬಿಟ್ಟೆ. ಒಂದು ಸರ್ಕಾರಿ ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕೆ ಅಪ್ಲೈ ಮಾಡಿದೆ, ಸಿಕ್ಕಿತು. ಮಕ್ಕಳು ಟ್ರೇ ಹಿಡಿದು ಸಾಲಿನಲ್ಲಿ ಬರುತ್ತಾರೆ, ನಾನು ಬಡಿಸುತ್ತೇನೆ. ಬಹಳ ಆಸೆಯಿಂದ ಸೇರಿದೆ. ಹೋಗಿ ನೋಡಿದರೆ ಅಲ್ಲಿಯೂ ಅಡುಗೆ ಮಾಡುವುದಿಲ್ಲ. ಬೆಂದು ಹೆಪ್ಪುಗಟ್ಟಿದ ಅನ್ನ ಎಲ್ಲಿಂದಲೋ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತದೆ. ನಾವು ಕತ್ತರಿಸಿ, ಬಿಸಿ ಮಾಡಿ, ಸುರಿಯುತ್ತೇವೆ. ಮನೆಗಳಲ್ಲಿ ಹೀಗಾದರೆ ಶಾಲೆಗಳಲ್ಲಿ ಬೇರೆ ಹೇಗಾಗುತ್ತದೆ?

ಕಳೆದ ವಾರ ಎರಡು ಜಡೆಯ ಹುಡುಗಿಯೊಬ್ಬಳು ಟ್ರೇಯನ್ನು ವಾಪಸು ತಂದು ನನ್ನ ಮುಂದೆ ಕುಕ್ಕಿದಳು. "ಈ ಅನ್ನ ಗಂಜಿಯ ಹಾಗಿದೆ," ಎಂದಳು, ನೇರವಾಗಿ ನನ್ನ ಕಣ್ಣು ನೋಡಿ. ನಾನು ಒಂದು ಚಮಚ ತೆಗೆದುಕೊಂಡು ರುಚಿ ನೋಡಿದೆ.

"ಹೌದು, ನೀನು ಹೇಳಿದ್ದು ಸರಿ," ಎಂದೆ.

"ಮತ್ತೆ ನಾಳೆ ಸರಿ ಮಾಡ್ತೀರಾ?"

ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿದೆ. ಅಕ್ಕಿ ತರಿಸಿಕೊಡಿ, ದೊಡ್ಡ ಪಾತ್ರೆ ಕೊಡಿ, ನಾನು ಬೇಗ ಬಂದು ಮಾಡುತ್ತೇನೆ ಎಂದೆ. ಅದಕ್ಕೆಲ್ಲ ಪರ್ಮಿಷನ್ ಇಲ್ಲ, ಚೀಲದ ಮೇಲೆ ಬರೆದಷ್ಟು ಹೊತ್ತು ಬಿಸಿ ಮಾಡಿದರೆ ಸಾಕು ಎಂದರು. ಮರುದಿನ ಆ ಹುಡುಗಿ ಅನ್ನವನ್ನು ನೋಡಿದಳು, ನನ್ನನ್ನು ನೋಡಿದಳು, ಟ್ರೇಯನ್ನು ಮುಂದಕ್ಕೆ ತಳ್ಳಿಕೊಂಡು ಬರೀ ಸೇಬು ತೆಗೆದುಕೊಂಡು ಹೋದಳು. ನಾನು ಕೈಗವಸು ಕಳಚಿ ಮತ್ತೆ ಸೂಪರ್‌ವೈಸರ್ ಕೋಣೆಯ ಬಾಗಿಲು ತಟ್ಟಿದೆ.